ಜೀವರಕ್ಷಣಾ ತರಬೇತಿ: ಸಿಪಿಆರ್ ಪ್ರಮಾಣಪತ್ರದಿಂದ ಹೋಬಳಿ ಆಸ್ಪತ್ರೆಯವರೆಗೆ

ಹೃದಯವೋ ಉಸಿರೋ ನಿಂತಾಗ ಎದೆಯನ್ನು ಹೊರಗಿನಿಂದ ಒತ್ತಿ ರಕ್ತ ಹರಿಸುವುದು, ಶ್ವಾಸಕೋಶಕ್ಕೆ ಗಾಳಿ ತುಂಬುವುದು, ಅಗತ್ಯವಿದ್ದರೆ ವಿದ್ಯುತ್ ಶಾಕ್ ಕೊಡುವುದು, ಇವೆಲ್ಲ ಸೇರಿದ ತುರ್ತು ಚಿಕಿತ್ಸೆಯೇ ಜೀವರಕ್ಷಣೆ. ಇದರ ಮೊದಲೆರಡು ಕೆಲಸಗಳನ್ನು ಜನ ಸಿಪಿಆರ್ ಎಂದು ಬಲ್ಲರು. ವೈದ್ಯರು, ಸ್ಟಾಫ್ ನರ್ಸ್‌ಗಳು, 108 ಆಂಬುಲೆನ್ಸಿನ ತಂತ್ರಜ್ಞರು, ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಗಳು ಮೊದಲಾದವರಿಗೆ ಇದನ್ನು ಗೊಂಬೆಯ ಮೇಲೆ ಕಲಿಸಿ, ಪರೀಕ್ಷೆ ಮಾಡಿ, ನಿಗದಿತ ಅವಧಿಗೆ ಪ್ರಮಾಣಪತ್ರ ಕೊಡುವ ಪದ್ಧತಿ ಕರ್ನಾಟಕದಲ್ಲಿ ಈಚಿನ ಎರಡು ದಶಕಗಳಲ್ಲಿ ಬೇರುಬಿಟ್ಟಿದೆ. ಅದು ಬೆಳೆದದ್ದು ಬೆಂಗಳೂರು, ಮಣಿಪಾಲ, ಮೈಸೂರು, ಬೆಳಗಾವಿಗಳ ದೊಡ್ಡ ಆಸ್ಪತ್ರೆಗಳ ಆಸರೆಯಲ್ಲಿ. ಅದು ಎಷ್ಟು ಗಟ್ಟಿ ಎಂಬುದು ತಿಳಿಯುವುದು ಮಾತ್ರ ತುಮಕೂರು ಜಿಲ್ಲೆಯ ಹೊಳವನಹಳ್ಳಿಯಂಥ ಊರುಗಳಲ್ಲಿ.

ಹೊಳವನಹಳ್ಳಿ ಕೊರಟಗೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ದಡದ ಊರು. ತಾಲ್ಲೂಕು ಆಸ್ಪತ್ರೆ ಕೊರಟಗೆರೆಯಲ್ಲಿ. ಜಿಲ್ಲಾ ಆಸ್ಪತ್ರೆಯೂ ಸಿದ್ಧಾರ್ಥ ವೈದ್ಯಕೀಯ ಕಾಲೇಜೂ ತುಮಕೂರಿನಲ್ಲಿ, ಅಂದರೆ ಮೂವತ್ತು ಕಿಲೋಮೀಟರಿಗೂ ಆಚೆ. ಹೃದಯ ನಿಂತ ಮೇಲೆ ಮಿದುಳಿಗೆ ಹಾನಿ ಶುರುವಾಗಲು ನಾಲ್ಕೈದು ನಿಮಿಷ ಸಾಕು. ಹೃದಯದ ಲಯ ಕೆಟ್ಟು ಕಣ್ಣೆದುರೇ ಕುಸಿದವರಿಗೆ ಸಿಪಿಆರ್ ಸಿಗದೆ ಹೋದರೆ, ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಮೂವತ್ತು ಕಿಲೋಮೀಟರಿಗೂ ಐದು ನಿಮಿಷಕ್ಕೂ ತಾಳೆಯಾಗದು. ಹಾಗಾಗಿ ಇಲ್ಲಿ ಜೀವ ಉಳಿಯುವುದೋ ಹೋಗುವುದೋ ಎಂಬುದು ಆ ಹೊತ್ತಿಗೆ ಹತ್ತಿರದಲ್ಲಿರುವ ಒಬ್ಬಿಬ್ಬರು ಸಿಬ್ಬಂದಿಯ ಕೈಯಲ್ಲಿರುತ್ತದೆ.

ಹಿನ್ನೆಲೆ

ಈಗಿನ ಸಿಪಿಆರ್‌ಗೆ ವಯಸ್ಸು ಹೆಚ್ಚಿಲ್ಲ. ಬಾಯಿಗೆ ಬಾಯಿಟ್ಟು ಉಸಿರು ಊದಿದರೆ ರೋಗಿಯ ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸೇರುತ್ತದೆ ಎಂದು ಜೇಮ್ಸ್ ಈಲಮ್ ಮತ್ತು ಪೀಟರ್ ಸಫಾರ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಎದೆಯನ್ನು ಕೊಯ್ದು ಹೃದಯವನ್ನು ಕೈಯಲ್ಲಿ ಹಿಡಿದು ಹಿಸುಕುವ ಬದಲು ಎದೆಮೂಳೆಯ ಮೇಲೆ ಒತ್ತಿದರೂ ರಕ್ತ ಹರಿಯುತ್ತದೆ ಎಂದು ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕ್ಕರ್‌ಬಾಕರ್ ಮೂವರು 1960ರಲ್ಲಿ ಪ್ರಕಟಿಸಿದರು. ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 'ಆನಿ' ಎಂಬ ತರಬೇತಿ ಗೊಂಬೆಯನ್ನು ಹೊರತಂದರು. ನಮ್ಮ ನರ್ಸಿಂಗ್ ಕಾಲೇಜುಗಳ ಸ್ಕಿಲ್ ಲ್ಯಾಬಿನಲ್ಲಿ ಮಲಗಿರುವ ಮ್ಯಾನಿಕಿನ್‌ಗಳೆಲ್ಲ ಅವಳ ವಂಶಸ್ಥರೇ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಅಂಬು ಬ್ಯಾಗ್ ಎಂದೇ ಕರೆಯುವ ಕೈಚೀಲವೂ ಆ ಕಾಲದ್ದೇ: 1956ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ್ದು.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1963ರಲ್ಲಿ ಸಿಪಿಆರ್‌ಗೆ ಅಧಿಕೃತ ಮನ್ನಣೆ ಕೊಟ್ಟಿತು. ವೈದ್ಯಕೀಯ ಸಿಬ್ಬಂದಿಗೆ ಇದನ್ನು ಒಂದೇ ಕ್ರಮದಲ್ಲಿ ಕಲಿಸಬೇಕೆಂಬ ಒಮ್ಮತ 1966ರ ಸಮಾವೇಶವೊಂದರಲ್ಲಿ ಮೂಡಿತು. ಅಲ್ಲಿಂದ ಮುಂದೆ ವಿಧಾನ ಹಲವು ಸಲ ತಿದ್ದುಪಡಿಗೆ ಒಳಗಾಗಿದೆ. 2005ರಲ್ಲಿ ಹದಿನೈದು ಒತ್ತಿಗೆ ಎರಡು ಉಸಿರು ಎಂಬುದು ಮೂವತ್ತಕ್ಕೆ ಎರಡಾಯಿತು. 2010ರಲ್ಲಿ ಮೊದಲು ಉಸಿರಿನ ದಾರಿ ನೋಡು ಎಂಬ ಪಾಠ ತಿರುವುಮುರುವಾಗಿ, ಮೊದಲು ಎದೆ ಒತ್ತು ಎಂದಾಯಿತು. 2015ರಲ್ಲಿ ಒತ್ತುವ ವೇಗಕ್ಕೂ ಆಳಕ್ಕೂ ಮೇಲ್ಮಿತಿ ಬಂತು. 2025ರ ಪರಿಷ್ಕರಣೆಯಲ್ಲಿ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡ ದೊಡ್ಡವರಿಗೂ ಮೊದಲು ಬೆನ್ನಿಗೆ ಐದು ಗುದ್ದು, ಆಮೇಲೆ ಹೊಟ್ಟೆಗೆ ಐದು ಒತ್ತು ಎಂಬ ಕ್ರಮ ಸೇರಿತು. ಬೆನ್ನಿಗೆ ಗುದ್ದುವುದನ್ನು ನಮ್ಮ ಅಜ್ಜಿಯರು ಯಾವ ಪ್ರಮಾಣಪತ್ರವೂ ಇಲ್ಲದೆ ಮಾಡುತ್ತಿದ್ದರು. ಪುಸ್ತಕವೇ ತಡವಾಗಿ ಅಲ್ಲಿಗೆ ಬಂದಿದೆ.

ಭಾರತದಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಎಂ.ಡಿ. ಪದವಿಯ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅಲ್ಲಿಯವರೆಗೆ, ಬಹುತೇಕ ಕಡೆ ಈಗಲೂ, ಜೀವರಕ್ಷಣೆಯ ಪಾಠ ಹೇಳಿಕೊಟ್ಟವರು ಅರಿವಳಿಕೆ ತಜ್ಞರು. ಉಸಿರುನಾಳಕ್ಕೆ ಕೊಳವೆ ಹಾಕುವುದು, ಬ್ಯಾಗ್ ಒತ್ತುವುದು ದಿನವೂ ಅವರದೇ ಕೆಲಸವಾದ್ದರಿಂದ ಇದು ಸಹಜ. ಭಾರತೀಯ ಅರಿವಳಿಕೆ ತಜ್ಞರ ಸಂಘದ ಆಶ್ರಯದಲ್ಲಿ ಹುಟ್ಟಿದ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ 2017ರಲ್ಲಿ ಈ ದೇಶಕ್ಕೆಂದೇ ಮಾರ್ಗಸೂಚಿ ಪ್ರಕಟಿಸಿತು.

ಕೋರ್ಸುಗಳು, ಕಾರ್ಡುಗಳು

ಈಗ ಕರ್ನಾಟಕದಲ್ಲಿ ಚಾಲ್ತಿಯಲ್ಲಿರುವ ಕೋರ್ಸುಗಳು ಒಂದೇ ಬೇರಿನವಲ್ಲ. ಖಾಸಗಿ ಆಸ್ಪತ್ರೆಗಳ ನೇಮಕಾತಿ ಜಾಹೀರಾತಿನಲ್ಲಿ ಕಾಣುವ 'ಬಿಎಲ್‌ಎಸ್, ಎಸಿಎಲ್‌ಎಸ್ ಕಡ್ಡಾಯ' ಎಂಬ ಸಾಲು ಸಾಮಾನ್ಯವಾಗಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕಾರ್ಡನ್ನು ಕುರಿತದ್ದು. ಬೆಂಗಳೂರಿನ ಸೇಂಟ್ ಜಾನ್ಸ್, ಎಂ.ಎಸ್. ರಾಮಯ್ಯ ಮೊದಲಾದ ಸಂಸ್ಥೆಗಳಲ್ಲಿ ಇದರ ತರಗತಿಗಳು ನಡೆಯುತ್ತವೆ. ಬಿಎಲ್‌ಎಸ್ ಎಂದರೆ ಜೀವರಕ್ಷಣೆಯ ಮೂಲ ಪಾಠ, ಅರ್ಧ ದಿನದ್ದು. ಅದರ ಮುಂದಿನ ಹಂತವಾದ ಎಸಿಎಲ್‌ಎಸ್‌ಗೆ ಎರಡು ದಿನ ಬೇಕು, ಇಸಿಜಿ ಓದಲು ಬರಬೇಕು, ಔಷಧಗಳ ಪರಿಚಯವಿರಬೇಕು. ಮಕ್ಕಳ ಜೀವರಕ್ಷಣೆಗೆ ಪಿಎಎಲ್‌ಎಸ್. ಎಲ್ಲಕ್ಕೂ ಎರಡು ವರ್ಷದ ಆಯಸ್ಸು. ಈ ಕಾರ್ಡು ವೃತ್ತಿ ಪರವಾನಗಿಯಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ನಿಗದಿತ ದಿನ, ನಿಗದಿತ ಗೊಂಬೆಯ ಮೇಲೆ, ನಿಗದಿತ ಕೆಲಸವನ್ನು ಈತ ಸರಿಯಾಗಿ ಮಾಡಿ ತೋರಿಸಿದ ಎಂಬಷ್ಟನ್ನೇ ಅದು ಹೇಳುತ್ತದೆ. ಈಗ ಕಾಗದದ ಬದಲು ಡಿಜಿಟಲ್ ಕಾರ್ಡು ಬಂದಿರುವುದರಿಂದ ಅಸಲಿಯೋ ನಕಲಿಯೋ ಎಂದು ನೇಮಕ ಮಾಡುವವರು ಪರಿಶೀಲಿಸಿಕೊಳ್ಳಬಹುದು.

ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್‌ನದು ಮೂರು ಮೆಟ್ಟಿಲು: ಸಾರ್ವಜನಿಕರಿಗೆ ಎದೆ ಒತ್ತುವುದಷ್ಟೇ ಇರುವ ಸಿಒಎಲ್‌ಎಸ್, ಆಸ್ಪತ್ರೆಯ ಹೊರಗೆ ಕೆಲಸ ಮಾಡುವ ಆರೋಗ್ಯ ಸಿಬ್ಬಂದಿಗೆ ಬಿಸಿಎಲ್‌ಎಸ್, ಆಸ್ಪತ್ರೆಯೊಳಗಿನವರಿಗೆ ಸಿಸಿಎಲ್‌ಎಸ್. ಕೇಂದ್ರ ಆರೋಗ್ಯ ಸಚಿವಾಲಯ 2021ರ ಡಿಸೆಂಬರಿನಲ್ಲಿ ರಾಷ್ಟ್ರೀಯ ತುರ್ತು ಜೀವರಕ್ಷಣಾ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ವಿದೇಶಿ ಕೋರ್ಸಿನ ಶುಲ್ಕ ಕಟ್ಟಲಾಗದ ಸರ್ಕಾರಿ ವೈದ್ಯರು, ನರ್ಸ್‌ಗಳು, ಆಂಬುಲೆನ್ಸ್ ಸಿಬ್ಬಂದಿಗೆ ಸ್ವದೇಶಿ ಪಠ್ಯ ಸಿಗಲಿ ಎಂಬುದು ಇದರ ಆಶಯ. ಹೃದಯ ಸ್ತಂಭನದ ಜೊತೆಗೆ ಅಪಘಾತ, ಹೆರಿಗೆ, ಹಾವು ಕಡಿತ, ವಿಷಪ್ರಾಶನ ಇವನ್ನೂ ಒಳಗೊಳ್ಳುವುದರಿಂದ ಹೋಬಳಿ ಮಟ್ಟಕ್ಕೆ ಹೆಚ್ಚು ಹೊಂದುವ ಪಠ್ಯ ಇದೇ ಎನ್ನಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ 'ಜೀವ ರಕ್ಷಾ' ಕೋರ್ಸ್ ಕೂಡ ಇದೇ ದಾರಿಯದು.

ಓದುವಾಗಲೇ ಕಲಿಸುವ ಪ್ರಯತ್ನವೂ ಇದೆ. 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಕಾಲೇಜು ಸೇರಿದ ಆರಂಭದ ಫೌಂಡೇಶನ್ ಕೋರ್ಸಿನಲ್ಲೇ ಪ್ರಥಮ ಚಿಕಿತ್ಸೆ ಮತ್ತು ಬಿಎಲ್‌ಎಸ್ ಇವೆ. ಅರಿವಳಿಕೆ ಶಾಸ್ತ್ರದ ಪಾಠದಲ್ಲಿ ಅವು ಇನ್ನಷ್ಟು ವಿವರವಾಗಿ ಮತ್ತೆ ಬರುತ್ತವೆ. ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿಯೂ ಇದು ಕಡ್ಡಾಯ. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಬೇಕೆನ್ನುವ ಆಸ್ಪತ್ರೆ ತನ್ನ ಸಿಬ್ಬಂದಿಗೆ ಸಿಪಿಆರ್ ತರಬೇತಿ ಕೊಟ್ಟಿರಬೇಕು, ಹೃದಯ ನಿಂತ ರೋಗಿಗೆ ನೆರವು ಕೋರಿ 'ಕೋಡ್ ಬ್ಲೂ' ಎಂದು ಕೂಗಿದಾಗ ಯಾರು ಓಡಿಬರಬೇಕೆಂಬ ವ್ಯವಸ್ಥೆ ಮಾಡಿರಬೇಕು, ನಡೆದ ಪ್ರತಿ ಸಿಪಿಆರ್ ಅನ್ನು ಆಮೇಲೆ ಪರಾಮರ್ಶಿಸಬೇಕು. ಖಾಸಗಿ ವಲಯದಲ್ಲಿ ತರಬೇತಿ ಹಬ್ಬಲು ಮಾನವೀಯ ಕಳಕಳಿಗಿಂತ ಈ ಮಾನ್ಯತೆಯ ಒತ್ತಡವೇ ಹೆಚ್ಚು ಕೆಲಸ ಮಾಡಿದೆ ಎಂದರೆ ತಪ್ಪಲ್ಲ.

ತರಬೇತಿಯಿಂದ ಫಲ ಇದೆಯೇ ಎಂಬ ಪ್ರಶ್ನೆಗೆ ಭಾರತದಿಂದಲೇ ಒಂದು ಉತ್ತರವಿದೆ. ಲೂಧಿಯಾನಾದ ಆಸ್ಪತ್ರೆಯೊಂದು ಸಿಬ್ಬಂದಿಗೆ ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿ ಕೊಡುವ ಮೊದಲಿನ ಮತ್ತು ನಂತರದ ದಾಖಲೆಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿತು. ಹೃದಯ ನಿಂತ ರೋಗಿಗಳಲ್ಲಿ ಮತ್ತೆ ಬಡಿತ ಮರಳಿದವರು ಶೇ 18.3ರಿಂದ ಶೇ 28.3ಕ್ಕೆ ಏರಿದ್ದರು. ಆದರೆ ಅದು ಐಸಿಯು ಇರುವ, ರಾತ್ರಿ ಹಗಲು ತಜ್ಞರು ಸಿಗುವ ನಗರದ ಆಸ್ಪತ್ರೆ.

ತರಗತಿಯಲ್ಲಿ

ಬಿಎಲ್‌ಎಸ್ ತರಗತಿಯಲ್ಲಿ ಉಪನ್ಯಾಸ ಕಡಿಮೆ, ಮಂಡಿಯೂರಿ ಮಾಡುವ ಕೆಲಸ ಹೆಚ್ಚು. ಮೊದಲು ಸ್ಥಳ ಸುರಕ್ಷಿತವೇ ಎಂದು ನೋಡಬೇಕು. ಹೆಗಲು ತಟ್ಟಿ ಕೂಗಬೇಕು. ಉತ್ತರವಿಲ್ಲದಿದ್ದರೆ ಸಹಾಯಕ್ಕೆ ಕರೆಯಬೇಕು. ಕುತ್ತಿಗೆಯ ನಾಡಿಯನ್ನೂ ಎದೆಯ ಏರಿಳಿತವನ್ನೂ ಒಟ್ಟಿಗೇ, ಹತ್ತು ಸೆಕೆಂಡಿನೊಳಗೆ ನೋಡಿ ಮುಗಿಸಬೇಕು. ನಾಡಿ ಸಿಕ್ಕಿತೋ ಇಲ್ಲವೋ ಎಂಬ ಅನುಮಾನದಲ್ಲಿ ಕೂರುವ ಹಾಗಿಲ್ಲ. ಅನುಮಾನವಿದ್ದರೆ ಒತ್ತಲು ಶುರುಮಾಡುವುದೇ ನಿಯಮ.

ಎದೆಮೂಳೆಯ ಕೆಳ ಅರ್ಧಭಾಗದ ಮೇಲೆ ಅಂಗೈಯ ಬುಡವಿಟ್ಟು, ಮೊಣಕೈ ಬಗ್ಗಿಸದೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಆಳ 5 ಸೆಂ.ಮೀ.ಗೆ ಕಡಿಮೆಯಾಗಬಾರದು, 6 ಮೀರಬಾರದು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಹೃದಯ ತುಂಬುವುದು ಆಗಲೇ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ದಣಿವು ತಿಳಿಯುವ ಮೊದಲೇ ಒತ್ತಿನ ಆಳ ಕಡಿಮೆಯಾಗಿರುತ್ತದೆ. ಪರೀಕ್ಷೆಯಲ್ಲಿ ಮೂವತ್ತು ಒತ್ತುಗಳು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು, ನಡುವಿನ ಎರಡು ಉಸಿರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಮಗುವಾದರೆ, ಸಿಬ್ಬಂದಿ ಇಬ್ಬರಿದ್ದರೆ, ಹದಿನೈದಕ್ಕೆ ಎರಡು. ಹಸುಗೂಸಿಗೆ ಸುಮಾರು 4 ಸೆಂ.ಮೀ. ಆಳ. ಬರಹದ ಪರೀಕ್ಷೆಯಲ್ಲಿ 25 ಪ್ರಶ್ನೆಗಳಿಗೆ 21 ಸರಿಯುತ್ತರ ಬೇಕು. 2019ರಿಂದ ಅಮೆರಿಕನ್ ಕೋರ್ಸಿನಲ್ಲಿ ವೇಗ ಮತ್ತು ಆಳವನ್ನು ಅಳೆದು ತೋರಿಸುವ ಸಾಧನ ಕಡ್ಡಾಯವಾಗಿದೆ. 'ಚೆನ್ನಾಗಿ ಒತ್ತಿದೆ ಕಣಮ್ಮ' ಎಂಬ ತರಬೇತುದಾರರ ಶಹಬ್ಬಾಸ್‌ಗಿಂತ ಆ ಸಾಧನದ ಹಸಿರು ದೀಪ ನಿಷ್ಠುರ.

ಎಸಿಎಲ್‌ಎಸ್‌ನಲ್ಲಿ ಇದಕ್ಕೆ ತಂಡದ ಕೆಲಸ ಸೇರುತ್ತದೆ. ಮುಖಂಡ, ಒತ್ತುವವರು, ಬ್ಯಾಗ್ ಹಿಡಿದವರು, ಶಾಕ್ ಕೊಡುವ ಡಿಫಿಬ್ರಿಲೇಟರ್ ನೋಡಿಕೊಳ್ಳುವವರು, ಔಷಧ ಕೊಡುವವರು, ಸಮಯ ಬರೆದುಕೊಳ್ಳುವವರು ಎಂದು ಆರು ಪಾತ್ರಗಳು. ಅಡ್ರಿನಲಿನ್ 1 ಮಿ.ಗ್ರಾಂ. ಮೂರರಿಂದ ಐದು ನಿಮಿಷಕ್ಕೊಮ್ಮೆ. ಶಾಕ್‌ಗೆ ಬಗ್ಗದ ಲಯಕ್ಕೆ ಅಮಿಯೊಡರೋನ್ ಮೊದಲು 300, ಮತ್ತೆ 150 ಮಿ.ಗ್ರಾಂ. ಹೃದಯ ನಿಲ್ಲಲು ಕಾರಣವೇನು ಎಂದು ಹುಡುಕುವ ಪಟ್ಟಿ ಬಾಯಿಪಾಠವಾಗಬೇಕು. ತುಂಬು ಗರ್ಭಿಣಿಯಾದರೆ ಗರ್ಭಕೋಶವನ್ನು ಎಡಕ್ಕೆ ಸರಿಸಿ ಹಿಡಿದು ಒತ್ತಬೇಕು, ಇಲ್ಲವಾದರೆ ರಕ್ತ ಹೃದಯಕ್ಕೆ ಮರಳುವುದಿಲ್ಲ.

ಇಷ್ಟೆಲ್ಲ ಕಲಿಸುವ ತರಗತಿ ನಮ್ಮ ಮನೆಗಳ ಒಂದು ಮಾತನ್ನು ಮಾತ್ರ ಸಾಮಾನ್ಯವಾಗಿ ಕಲಿಸುವುದಿಲ್ಲ. ಆಟೊದಲ್ಲಿ ರೋಗಿಯನ್ನು ತಂದವರು 'ಮೇಲುಸಿರು ಎಳೀತಾ ಇದಾರೆ, ಇನ್ನೂ ಜೀವ ಇದೆ' ಎನ್ನುತ್ತಾರೆ. ನಿಮಿಷಕ್ಕೆ ಮೂರೋ ನಾಲ್ಕೋ ಸಲ ಬಾಯಿ ತೆರೆದು ಎಳೆಯುವ ಆ ಉಸಿರು ಎಷ್ಟೋ ವೇಳೆ ಉಸಿರೇ ಅಲ್ಲ, ಹೃದಯ ನಿಂತ ನಂತರ ಮಿದುಳಿನ ಬುಡದಿಂದ ಹೊರಡುವ ಪ್ರತಿವರ್ತನೆ. ಅದನ್ನು ಕೇಳಿದ ಕೂಡಲೇ ನಾಡಿ ನೋಡಿ ಎದೆಗೆ ಕೈ ಹಾಕಬೇಕಾದ ನರ್ಸ್, ಉಸಿರಾಟ ಇದೆಯಲ್ಲ ಎಂದು ಬಿಪಿ ಪಟ್ಟಿ ಹುಡುಕಲು ಹೋದರೆ ಇದ್ದ ನಿಮಿಷಗಳು ಹೋದವು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಬಿಡುವುದು ಇನ್ನೊಂದು. ಪ್ರೀತಿಯಿಂದ ಬಿಟ್ಟ ಆ ನೀರು ಶ್ವಾಸಕೋಶ ಸೇರಿರುತ್ತದೆಂದು ತಿಳಿದೇ ಸಿಬ್ಬಂದಿ ಮೊದಲು ಬಾಯಿ, ಗಂಟಲನ್ನು ಸಕ್ಷನ್ ಮಾಡಬೇಕಾಗುತ್ತದೆ.

ಹೋಬಳಿಯ ರೋಗಿ

ಅಮೆರಿಕದ ಪಠ್ಯಪುಸ್ತಕದ ರೋಗಿ ಹೃದಯಾಘಾತದಿಂದ ಕುಸಿದ ಮಧ್ಯವಯಸ್ಕ. ಹೃದಯಾಘಾತವೆಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಆ ರೋಗಿ ಮಾತಾಡುತ್ತಲೇ ಇರಬಹುದು. ಹೃದಯ ಸ್ತಂಭನವೆಂದರೆ ಪಂಪು ನಿಲ್ಲುವುದು. ಮೊದಲನೆಯದು ಎರಡನೆಯದಕ್ಕೆ ಒಂದು ಕಾರಣ, ಏಕೈಕ ಕಾರಣವಲ್ಲ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಹಳ್ಳಿಗಳಲ್ಲಿಯೂ ಹೃದಯಾಘಾತವಿದೆ. ಆದರೆ ಇಲ್ಲಿನ ಆರೋಗ್ಯ ಕೇಂದ್ರದ ಬಾಗಿಲಿಗೆ ಬರುವ ಬೇರೆ ರೋಗಿಗಳೂ ಇದ್ದಾರೆ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದವರು. ಕೀಟನಾಶಕ ಕುಡಿದವರು. ಕೃಷಿ ಹೊಂಡಕ್ಕೆ ಬಿದ್ದ ಮಕ್ಕಳು. ಹುಟ್ಟಿ ಅಳದ ಕೂಸು. ಇವರೆಲ್ಲರಲ್ಲೂ ಮೊದಲು ನಿಲ್ಲುವುದು ಉಸಿರು. ಹೃದಯ ಆಮ್ಲಜನಕವಿಲ್ಲದೆ ಆಮೇಲೆ ಸೋಲುತ್ತದೆ.

ಈ ವ್ಯತ್ಯಾಸ ತರಬೇತಿಯ ಒಳಗನ್ನೇ ಬದಲಿಸಬೇಕು. 'ಬರೀ ಎದೆ ಒತ್ತಿದರೆ ಸಾಕು' ಎಂಬ ಪ್ರಚಾರ ದಾರಿಹೋಕರಿಗೆ ಸರಿ. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಆರೋಗ್ಯ ಸಿಬ್ಬಂದಿಗೆ ಅದೇ ಪಾಠ ಹೇಳಿದರೆ ಮೇಲಿನ ನಾಲ್ವರಿಗೂ ಅನ್ಯಾಯ. ಕಟ್ಟುಹಾವಿನ ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕ ಕಡಿದು ಉಸಿರಾಟದ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಕೊನೆಗೆ ಉಸಿರು ನಿಲ್ಲುತ್ತದೆ. ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಅಂಬು ಬ್ಯಾಗ್ ಹಿಡಿದು ಆರು ಸೆಕೆಂಡಿಗೊಂದರಂತೆ ಗಾಳಿ ಕೊಡುತ್ತ ತುಮಕೂರಿನ ವೆಂಟಿಲೇಟರಿನವರೆಗೆ ಕರೆದೊಯ್ದರೆ ರೋಗಿ ಪೂರ್ತಿ ಗುಣವಾಗಿ ಮನೆಗೆ ಮರಳಬಹುದು. ಹಾವು ಕಡಿತವನ್ನು 2024ರಲ್ಲಿ ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿದ ಕರ್ನಾಟಕ ಅದರ ಔಷಧದ ದಾಸ್ತಾನಿನ ಬಗ್ಗೆ ಎಚ್ಚರ ವಹಿಸುವಷ್ಟೇ ಬ್ಯಾಗ್ ಹಿಡಿಯುವ ಕೈಯ ಬಗ್ಗೆಯೂ ವಹಿಸಬೇಕು.

ನೀರಿಗೆ ಬಿದ್ದವರ ವಿಷಯದಲ್ಲಿ ಅಮೆರಿಕನ್ ಮಾರ್ಗಸೂಚಿಯೇ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ: ತರಬೇತಾದವರು ಮೊದಲು ಎರಡು ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕು. 2014ರ ಕೃಷಿ ಭಾಗ್ಯ ಯೋಜನೆಯಿಂದೀಚೆಗೆ ಬಯಲುಸೀಮೆಯ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿನ ಹೊಂಡಗಳು ಹೆಚ್ಚಿವೆ. ಒದ್ದೆಯಾದ ಆ ಹಾಸಿನ ಮೇಲೆ ಜಾರಿದವರಿಗೆ ಮೇಲೆ ಬರಲು ಹಿಡಿತ ಸಿಗುವುದಿಲ್ಲ. ಸಾವಯವ ರಂಜಕದ ಕೀಟನಾಶಕ ಕುಡಿದವರ ಬಾಯಿ, ಶ್ವಾಸಕೋಶಗಳಲ್ಲಿ ಜೊಲ್ಲು ತುಂಬಿ ಉಸಿರು ಕಟ್ಟುತ್ತದೆ. ಅವರಿಗೆ ಬಾಯಿಗೆ ಬಾಯಿಟ್ಟು ಊದುವ ಹಾಗಿಲ್ಲ, ಊದಿದವರಿಗೂ ವಿಷ ತಗಲೀತು. ಸಕ್ಷನ್, ಬ್ಯಾಗ್, ಅಟ್ರೋಪಿನ್ ಮೂರೂ ಕೈಗೆಟುಕುವಂತಿರಬೇಕು.

ಶಾಕ್ ಕೊಡುವ ಯಂತ್ರ ಇಲ್ಲಿ ಬೇಡವೆಂದಲ್ಲ. ಮಳೆಗಾಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಮುಟ್ಟಿ ಕರೆಂಟ್ ಹೊಡೆಸಿಕೊಂಡವರ ಹೃದಯ ಹಲವು ಸಲ ಲಯ ತಪ್ಪಿ ಅದುರುತ್ತಿರುತ್ತದೆ; ಅದನ್ನು ಸರಿಪಡಿಸುವುದು ಡಿಫಿಬ್ರಿಲೇಟರ್ ಒಂದೇ. ಸ್ವಯಂಚಾಲಿತ ಎಇಡಿ ತಾನೇ ಲಯ ಓದಿ, ಶಾಕ್ ಬೇಕೋ ಬೇಡವೋ ಎಂದು ಹೇಳುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ಮೇಲೆ ಈ ಯಂತ್ರದ ಹೆಸರು ಕನ್ನಡಿಗರ ಮನೆಮಾತಾಯಿತು. ಅವರ ಹೆಸರಿನಲ್ಲೇ 2023ರಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ಎರಡು ಎಳೆಗಳಿವೆ: ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಹಬ್ ಆಸ್ಪತ್ರೆಯ ತಜ್ಞರು ನೋಡಿ, ಬೇಕಾದಲ್ಲಿ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವುದು, ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುವುದು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿಸುವ ತೀರ್ಮಾನ ಬಂದದ್ದು ಆಗಲೇ. ಗೋಡೆಗೆ ತೂಗಿದ ಎಇಡಿಯ ಬ್ಯಾಟರಿಗೂ ಪ್ಯಾಡಿಗೂ ಅವಧಿ ಮುಗಿಯುತ್ತದೆ. ಅದನ್ನು ನೋಡಿಕೊಳ್ಳುವವರ ಹೆಸರು ಡ್ಯೂಟಿ ಪಟ್ಟಿಯಲ್ಲಿ ಇಲ್ಲದಿದ್ದರೆ ಯಂತ್ರ ಅಲಂಕಾರವಾಗುತ್ತದೆ.

ಎಸಿಎಲ್‌ಎಸ್ ಹೇಳುವ ಆರು ಜನರ ತಂಡವೂ ಇಲ್ಲಿ ಸಿಗದು. ಪ್ರಾಥಮಿಕ ಆರೋಗ್ಯ ಕೇಂದ್ರವೆಂದರೆ ಬಯಲು ಪ್ರದೇಶದಲ್ಲಿ ಮೂವತ್ತು ಸಾವಿರ ಜನಸಂಖ್ಯೆಗೆ ಒಂದು ಎಂಬ ಲೆಕ್ಕ. ರಾತ್ರಿ ಅಲ್ಲಿ ಒಬ್ಬ ಸ್ಟಾಫ್ ನರ್ಸ್, ಒಬ್ಬ ಗ್ರೂಪ್ ಡಿ ನೌಕರ ಇದ್ದರೆ ದೊಡ್ಡದು. ಆದ್ದರಿಂದ ತರಬೇತಿ ಈ ಇಬ್ಬರಿಂದಲೇ ಶುರುವಾಗಬೇಕು. ಗ್ರೂಪ್ ಡಿ ನೌಕರರಿಗೆ ಆರೋಗ್ಯ ಸಿಬ್ಬಂದಿಯ ಪ್ರಮಾಣಪತ್ರದ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಜಾಗವಿಲ್ಲದಿರುವುದು ವಿಚಿತ್ರ. ಎದೆ ಒತ್ತಲು ಬೇಕಾದ ತೋಳಿನ ಬಲ ಹಲವು ಸಲ ಅವರಲ್ಲೇ ಇರುತ್ತದೆ. ಮೂರನೆಯವರು 108ರ ತಂತ್ರಜ್ಞರು. 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಯಲ್ಲಿ ಏಳುನೂರಕ್ಕೂ ಹೆಚ್ಚು ವಾಹನಗಳಿವೆ. ಚಲಿಸುವ ವಾಹನದಲ್ಲಿ, ರಸ್ತೆಯ ಉಬ್ಬುತಗ್ಗಿನಲ್ಲಿ, ಒಬ್ಬರೇ ಒತ್ತುತ್ತ ಒಬ್ಬರೇ ಬ್ಯಾಗ್ ಹಿಡಿಯಬೇಕಾದ ಇವರ ಕಷ್ಟಕ್ಕೆ ಯಾವ ಗೊಂಬೆಯ ಪರೀಕ್ಷೆಯೂ ಸಮವಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ಇವರ ವೃತ್ತಿಯನ್ನು ಗುರುತಿಸಿದೆ.

ಬೆಳಗಾವಿಯ ಅನುಭವ

ಹಳ್ಳಿಯ ಸಿಬ್ಬಂದಿಗೆ ಕೊಟ್ಟ ಸರಳ ತರಬೇತಿ ಏನು ಮಾಡಬಲ್ಲದು ಎಂಬುದಕ್ಕೆ ಕರ್ನಾಟಕದ ಗಟ್ಟಿ ಸಾಕ್ಷ್ಯ ನವಜಾತ ಶಿಶುಗಳ ವಿಭಾಗದಿಂದ ಬಂದಿದೆ. ಹುಟ್ಟುವ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರಾಡಲು ಏನಾದರೊಂದು ನೆರವು ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ ಬೆನ್ನು ಸವರಿದರೆ ಸಾಕು, ಕೆಲವಕ್ಕೆ ಬ್ಯಾಗ್ ಬೇಕು. ಎದೆ ಒತ್ತುವ, ಔಷಧ ಕೊಡುವ ಪ್ರಸಂಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಈ ಕೆಲಸ ಹುಟ್ಟಿದ ಮೊದಲ ನಿಮಿಷದೊಳಗೆ ಆಗಬೇಕು.

2010ರಲ್ಲಿ ಬಡ ದೇಶಗಳಿಗಾಗಿ ರೂಪುಗೊಂಡ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ಸರಳ ಪಠ್ಯವನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಲ್ಲಿನ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲೂ ಜಿಲ್ಲಾ ಹಾಗೂ ನಗರದ ಆಸ್ಪತ್ರೆಗಳಲ್ಲೂ ಹೆರಿಗೆ ಮಾಡಿಸುವ 599 ಮಂದಿಗೆ ಕಲಿಸಿತು. ತರಬೇತಿಗೆ ಮೊದಲಿನ 4,187 ಮತ್ತು ನಂತರದ 5,411 ಹೆರಿಗೆಗಳನ್ನು ಹೋಲಿಸಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸತ್ತು ಹುಟ್ಟಿದವೆಂದು ಬರೆದುಕೊಂಡ ಕೂಸುಗಳ ಪ್ರಮಾಣ ಶೇ 3.0ರಿಂದ 2.3ಕ್ಕೆ ಇಳಿದಿತ್ತು. ಅದರಲ್ಲೂ ಹೆರಿಗೆಯ ಹೊತ್ತಿನಲ್ಲೇ ಜೀವ ಹೋದಂತೆ ಕಾಣುವ ಕೂಸುಗಳ ಪ್ರಮಾಣ ಶೇ 1.7ರಿಂದ 0.9ಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ. ಬಹಳ ಹಿಂದೆಯೇ ಹೊಟ್ಟೆಯಲ್ಲಿ ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಬದಲಾಗಲಿಲ್ಲ, ಅದು ತರಬೇತಿಯ ಕೈಗೆ ಸಿಗುವಂಥದ್ದೂ ಅಲ್ಲ. ಮೊದಲು 'ಹುಟ್ಟುವಾಗಲೇ ಹೋಗಿತ್ತು' ಎಂದು ಬಟ್ಟೆ ಸುತ್ತಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಜೀವವಿತ್ತು, ಉಸಿರು ಮಾತ್ರ ಶುರುವಾಗಿರಲಿಲ್ಲ ಎಂಬುದು ಈ ಅಂಕಿಗಳ ಅರ್ಥ. ಅದೇ ಅಧ್ಯಯನದಲ್ಲಿ ನವಜಾತ ಶಿಶು ಮರಣದ ಪ್ರಮಾಣ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು: ಮೊದಲ ನಿಮಿಷ ಗೆದ್ದ ಕೂಸಿಗೆ ಮುಂದಿನ ವಾರದ ಆರೈಕೆಯೂ ಬೇಕು.

ಕೇಂದ್ರ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ 2009ರಿಂದ ಇದೇ ಕೆಲಸವನ್ನು ಎರಡು ದಿನದ ತರಬೇತಿಯಾಗಿ ವೈದ್ಯರಿಗೂ ನರ್ಸ್‌ಗಳಿಗೂ ಎಎನ್‌ಎಂಗಳಿಗೂ ಕಲಿಸುತ್ತಿದೆ. ದುಬಾರಿ ಯಂತ್ರ ಬೇಡ, ವಿದೇಶಿ ಕಾರ್ಡು ಬೇಡ. ಒಂದು ಗೊಂಬೆ, ಒಂದು ಸಣ್ಣ ಬ್ಯಾಗ್, ಸರಿಹೊಂದುವ ಎರಡು ಮಾಸ್ಕ್, ಗೋಡೆ ಗಡಿಯಾರ. ಹೋಬಳಿ ಆಸ್ಪತ್ರೆಯ ಉಳಿದ ಜೀವರಕ್ಷಣಾ ತರಬೇತಿಗೂ ಮಾದರಿಯಾಗಬೇಕಾದದ್ದು ಬೆಂಗಳೂರಿನ ಸಿಮ್ಯುಲೇಷನ್ ಕೇಂದ್ರವಲ್ಲ, ಈ ಹೆರಿಗೆ ಕೊಠಡಿ.

ಮರೆಯುವ ಕೈ

ಜೀವರಕ್ಷಣಾ ಕೌಶಲದ ದೊಡ್ಡ ಶತ್ರು ಮರೆವು. ಕಲಿತ ಮೂರರಿಂದ ಆರು ತಿಂಗಳಲ್ಲೇ ಒತ್ತಿನ ಆಳ, ಬ್ಯಾಗಿನ ಹಿಡಿತ ಸಡಿಲವಾಗುತ್ತವೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಾರ್ಡಿನ ಆಯಸ್ಸು ಮಾತ್ರ ಎರಡು ವರ್ಷ. ದಿನಕ್ಕೊಂದು ಕೋಡ್ ಬ್ಲೂ ನಡೆಯುವ ನಗರದ ಐಸಿಯುನಲ್ಲಿ ಕೆಲಸವೇ ಅಭ್ಯಾಸವಾಗುತ್ತದೆ. ವರ್ಷಕ್ಕೆ ಎರಡೋ ಮೂರೋ ಇಂಥ ಪ್ರಸಂಗ ಕಾಣುವ ಆರೋಗ್ಯ ಕೇಂದ್ರದಲ್ಲಿ ಕೌಶಲ ಬಳಕೆಯಿಲ್ಲದ ಕುಡುಗೋಲಿನಂತೆ ತುಕ್ಕು ಹಿಡಿಯುತ್ತದೆ. ಅಮೆರಿಕದಲ್ಲೇ ಈಗ ಹಲವು ಆಸ್ಪತ್ರೆಗಳು ಎರಡು ವರ್ಷಕ್ಕೊಮ್ಮೆಯ ತರಗತಿ ಬಿಟ್ಟು, ಮೂರು ತಿಂಗಳಿಗೊಮ್ಮೆ ಕೆಲಸದ ಜಾಗದಲ್ಲೇ ಕೆಲವು ನಿಮಿಷ ಗೊಂಬೆಯ ಮೇಲೆ ಒತ್ತಿ ಅಂಕ ಪಡೆಯುವ ಕ್ರಮಕ್ಕೆ ಹೋಗಿವೆ.

ಹೊಳವನಹಳ್ಳಿಯಂಥ ಕಡೆಗೆ ಇದು ಇನ್ನೂ ಸಲ್ಲುತ್ತದೆ. ಇರುವ ಒಬ್ಬ ವೈದ್ಯರನ್ನು ಎರಡು ದಿನ ಬೆಂಗಳೂರಿಗೆ ಕಳಿಸಿದರೆ ಆ ಎರಡು ದಿನ ಕೇಂದ್ರದಲ್ಲಿ ವೈದ್ಯರೇ ಇರುವುದಿಲ್ಲ. ಮರಳಿ ಬಂದವರಿಗೆ ವರ್ಗಾವಣೆಯಾದರೆ ಕಲಿತದ್ದೂ ಅವರ ಜೊತೆಗೇ ಹೊರಟಿತು. ಕೋರ್ಸಿನ ಶುಲ್ಕ ಕೆಲವು ಸಾವಿರ ರೂಪಾಯಿ. ಗುತ್ತಿಗೆ ನರ್ಸ್ ಅದನ್ನು ಕೈಯಿಂದ ಕಟ್ಟಬೇಕಾದರೆ ತಿಂಗಳ ಸಂಬಳದಲ್ಲಿ ದೊಡ್ಡ ತೂತು. ವಿಡಿಯೊ, ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಇಂಗ್ಲಿಷಿನವು. ತರಬೇತುದಾರರು ಕನ್ನಡದಲ್ಲಿ ಬಿಡಿಸಿ ಹೇಳಿದರೂ ಪರೀಕ್ಷೆಯ ಭಯ ಹೋಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ತಜ್ಞರು ಒಂದು ಗೊಂಬೆಯೊಂದಿಗೆ ತಿಂಗಳಿಗೊಂದು ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನದೇ ಬ್ಯಾಗ್, ಅಲ್ಲಿನದೇ ಮಂಚ, ಅಲ್ಲಿನದೇ ಆಕ್ಸಿಜನ್ ಸಿಲಿಂಡರ್ ಬಳಸಿ ಅರ್ಧ ಗಂಟೆ ಅಭ್ಯಾಸ ಮಾಡಿಸುವುದಕ್ಕೆ ಖರ್ಚು ಕಡಿಮೆ. ಹಾಗೆ ಮಾಡಿದಾಗ ಸಿಲಿಂಡರಿನ ಕೀಲಿ ಎಲ್ಲಿದೆ, ಮಾಸ್ಕಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಮಂಚದ ಹಾಸಿಗೆ ಎದೆ ಒತ್ತಲು ಮೆತ್ತಗಾಯಿತೇ ಎಂಬುದೂ ಗೊತ್ತಾಗುತ್ತದೆ. ಯಾವ ಪ್ರಮಾಣಪತ್ರವೂ ಇವನ್ನು ಪರೀಕ್ಷಿಸುವುದಿಲ್ಲ.

ಕಾನೂನು

ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವ ಯತ್ನ ಮಾಡುವುದು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ಪೊಲೀಸ್ ಕಾಗದಕ್ಕಾಗಿ ಕಾಯುವ ಹಾಗಿಲ್ಲ. ಅಪಘಾತದಲ್ಲಿ ನೆರವಾಗುವವರಿಗೆ ಕಿರುಕುಳವಾಗದಂತೆ ರಕ್ಷಿಸುವ ಕಾಯ್ದೆಯನ್ನು ಕರ್ನಾಟಕ 2016ರಲ್ಲಿ ರೂಪಿಸಿತು. ರಾಷ್ಟ್ರಪತಿಯವರ ಅಂಕಿತ 2018ರಲ್ಲಿ ಬಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿಯೂ ಇಂಥದೇ ರಕ್ಷಣೆಯಿದೆ. ಸಿಪಿಆರ್‌ನಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಇದನ್ನು ಬಂಧುಗಳಿಗೆ ಮೊದಲೇ ಅಥವಾ ಆಮೇಲಾದರೂ ಹೇಗೆ ಹೇಳಬೇಕೆಂಬುದು ಸಿಬ್ಬಂದಿಯ ಮೇಲೆ ಹಲ್ಲೆ ನಡೆಯುವ ಈ ದಿನಗಳಲ್ಲಿ ತರಬೇತಿಯ ಭಾಗವೇ ಆಗಬೇಕು.

ಯಾವಾಗ ಸಿಪಿಆರ್ ಮಾಡಬಾರದು ಎಂಬುದು ಕೋರ್ಸುಗಳಲ್ಲಿ ಒಂದೆರಡು ಸ್ಲೈಡುಗಳಲ್ಲಿ ಮುಗಿದುಹೋಗುವ ವಿಷಯ. ಗುಣವಾಗದ ಕಾಯಿಲೆಯ ಕೊನೆಯಲ್ಲಿರುವವರ ಎದೆ ಒತ್ತಬೇಡಿ ಎಂಬ ನಿರ್ಧಾರವನ್ನು ಹೇಗೆ ಮಾಡಿ ದಾಖಲಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ 2018ರ ತೀರ್ಪು ಬಂತು, 2023ರಲ್ಲಿ ಅದರ ವಿಧಿವಿಧಾನ ಸರಳವಾಯಿತು. ಅದನ್ನು ಜಾರಿಗೊಳಿಸುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿತು. ಆ ಆದೇಶದಲ್ಲಿ ಬರುವ ವೈದ್ಯ ಮಂಡಳಿಗಳು ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳಿಗೆ ಸಂಬಂಧಿಸಿದವು. ಊರಿನ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಮಧ್ಯರಾತ್ರಿ ಆರೋಗ್ಯ ಕೇಂದ್ರಕ್ಕೆ ಹೊತ್ತು ತಂದಾಗ, ಒತ್ತಬೇಕೋ ಬೇಡವೋ ಎಂಬ ತೀರ್ಮಾನ ಇವತ್ತಿಗೂ ಆ ಹೊತ್ತಿನ ಡ್ಯೂಟಿ ನರ್ಸ್‌ನದೇ.